ಮಾಡೆಲ್ ರಾಕೆಟ್ ಟಿಪ್ಪಣಿ: ಫಿನ್‌ಗೆ ಯಾವ ಅಂಟು, ಫಿಲೆಟ್ ಎಷ್ಟು ದಪ್ಪ?

ಫಿನ್ ಅಂದರೆ ರಾಕೆಟ್ಟಿನ ಬಾಲದಲ್ಲಿರುವ ರೆಕ್ಕೆ, ಫಿಲೆಟ್ ಅಂದರೆ ಅದರ ಬುಡದ ಮೂಲೆಗೆ ದುಂಡಗೆ ತುಂಬುವ ಅಂಟು. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಫಿನ್ ಮಾಡಿ ಉಳಿದ ಬಾಲ್ಸಾ (ಹಗುರವಾದ ಮರ) ತುಂಡೊಂದನ್ನು ಉಳಿದ ಕಾಗದದ ಕೊಳವೆಗೆ ಅಂಟಿಸಿ, ಒಂದು ದಿನ ಒಣಗಲು ಬಿಟ್ಟು, ಕೈಯಿಂದ ಮುರಿಯಿರಿ. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಫಿನ್ ಬುಡಕ್ಕೆ ಕಾಗದದ ಪದರ ಕಿತ್ತುಕೊಂಡು ಬಂದಿದ್ದರೆ ಅಂಟು ತನ್ನ ಕೆಲಸ ಮಾಡಿದೆ. ಅಂಟು ನುಣ್ಣಗೆ ಹೊಳೆಯುತ್ತಾ, ಕಾಗದಕ್ಕೆ ಏನೂ ಆಗದೆ ಕಳಚಿಕೊಂಡಿದ್ದರೆ ತಪ್ಪಾಗಿರುವುದು ಮೇಲ್ಮೈಯಲ್ಲಿ. ಕೊಳವೆಯ ಮೇಲಿನ ಹೊಳಪು ಪದರ ಅಂಟನ್ನು ಒಳಗೆ ಬಿಟ್ಟುಕೊಂಡಿಲ್ಲ. ಫಿನ್ ಕೂರುವ ಗೆರೆಯಲ್ಲಿ ಆ ಹೊಳಪು ಹೋಗುವಷ್ಟು ಉಪ್ಪುಕಾಗದ ಉಜ್ಜಿ, ಮತ್ತೆ ಮಾಡಿ ನೋಡಿ.

ಅಂಟಿನ ಆಯ್ಕೆಗೆ ದಾರಿ ತೋರುವುದು ಇದೇ. ಕಾಗದಕ್ಕಿಂತ ಗಟ್ಟಿಯಾದ ಅಂಟು ಹಾಕಿದರೂ ಕಾಗದವೇ ಮೊದಲು ಹರಿಯುತ್ತದೆ. ಹಾಗಾಗಿ ಕಾಗದದ ಕೊಳವೆ, ಬಾಲ್ಸಾ ಫಿನ್ ಇರುವ ಸಣ್ಣ ರಾಕೆಟ್ಟಿಗೆ ಫೆವಿಕಾಲ್‌ನಂಥ ಬಿಳಿ ಅಂಟೇ ಸಾಕು. ಅದರಲ್ಲಿರುವ ನೀರು ನಾರಿನೊಳಗೆ ಇಳಿಯುತ್ತದೆ, ಜೊತೆಗೆ ಅಂಟೂ ಇಳಿಯುತ್ತದೆ. ಅಮೆರಿಕದವರು ಬಡಗಿಗಳ ಹಳದಿ ಅಂಟನ್ನು ಜಾಸ್ತಿ ಬಳಸುತ್ತಾರೆ. ಅದು ಬೇಗ ಹಿಡಿಯುತ್ತದೆ, ಒಣಗಿದ ಮೇಲೆ ಉಜ್ಜಲೂ ಸುಲಭ.

ಅಂಟಿಸುವಾಗ ಎರಡು ಸಲ ಹಚ್ಚಿ. ಫಿನ್ ಬುಡಕ್ಕೂ ಕೊಳವೆಗೂ ತೆಳ್ಳಗೆ ಸವರಿ, ಕೆಲವು ನಿಮಿಷ ಹೀರಿಕೊಳ್ಳಲು ಬಿಡಿ. ಆಮೇಲೆ ಇನ್ನೊಂದು ತೆಳು ಕೋಟ್ ಹಚ್ಚಿ ಒತ್ತಿ. ಫಿನ್ ಬೇಗ ನಿಲ್ಲುತ್ತದೆ, ತುಂಬಾ ಹೊತ್ತು ಹಿಡಿದು ಕೂರಬೇಕಾಗಿಲ್ಲ.

ಒಂದೇ ಹನಿಗೆ ಹಿಡಿಯುವ ಇನ್‌ಸ್ಟಂಟ್ ಅಂಟು ಫಿನ್ನನ್ನು ನೇರವಾಗಿ ನಿಲ್ಲಿಸಲು, ಕೊಳವೆಯ ತುದಿಗೆ ಕುಡಿಸಿ ಗಟ್ಟಿ ಮಾಡಲು ಚೆನ್ನ. ಆದರೆ ಒಣಗಿದ ಮೇಲೆ ಅದು ಪೆಡಸು, ಪಕ್ಕದಿಂದ ಬೀಳುವ ಪೆಟ್ಟು ತಡೆಯುವುದಿಲ್ಲ. ಫಿನ್ ಮುರಿಯುವುದು ಹೆಚ್ಚಾಗಿ ಹಾರುವಾಗ ಅಲ್ಲ, ಪ್ಯಾರಾಚೂಟಿನಲ್ಲಿ ಇಳಿದು ನೆಲಕ್ಕೆ ತಾಗುವಾಗ. ಫಿನ್ನಿನ ತುದಿಗೆ ಪೆಟ್ಟು ಬಿದ್ದರೆ ಅದು ಸನ್ನೆಕೋಲಿನಂತೆ ಬುಡವನ್ನು ಮೀಟುತ್ತದೆ. ನನ್ನ ಮೊದಲ ರಾಕೆಟ್ಟಿನ ಎರಡು ಫಿನ್‌ಗಳು ಹೀಗೇ ಹೋದವು. ಒಂದು ಎಚ್ಚರಿಕೆ: ಈ ಅಂಟನ್ನು ಹತ್ತಿಯಿಂದ ಒರೆಸಬೇಡಿ, ಕೈ ಸುಡುವಷ್ಟು ಬಿಸಿಯಾಗುತ್ತದೆ.

ಫೈಬರ್‌ಗ್ಲಾಸ್ ಫಿನ್ ಇದ್ದರೆ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ಬೇಕೇ ಬೇಕು. ಪ್ಲೈವುಡ್ ಫಿನ್, ದೊಡ್ಡ ಮೋಟರ್ ಇದ್ದರೂ ಅದೇ ವಾಸಿ. ಐದು ನಿಮಿಷದ್ದಕ್ಕಿಂತ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ನನಗೆ ಇಷ್ಟ. ಸಮವಾಗಿ ಹರಡಿಕೊಳ್ಳಲು ಅದಕ್ಕೆ ಸಮಯ ಸಿಗುತ್ತದೆ. ಮೋಟರ್ ಕೂರುವ ಸಣ್ಣ ಕೊಳವೆಯನ್ನು ದೊಡ್ಡ ಕೊಳವೆಯ ಒಳಗೆ ತಳ್ಳುವಾಗಲೂ ಎಪಾಕ್ಸಿಯೇ ವಾಸಿ. ನೀರಿನ ಅಂಟು ಅದನ್ನು ನಡುವೆ ಹಿಡಿಯುವ ಕಾಗದದ ಉಂಗುರಗಳನ್ನು ಉಬ್ಬಿಸುತ್ತದೆ, ಅರ್ಧ ದಾರಿಯಲ್ಲಿ ನಿಂತುಬಿಟ್ಟರೆ ಆ ಕೊಳವೆ ಹೋದಂತೆಯೇ. ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರಬಹುದು, ಕೈಗವಸು ಹಾಕಿಕೊಳ್ಳಿ.

ಇನ್ನು ಫಿಲೆಟ್. ತಾರಸಿಯಲ್ಲಿ ಗೋಡೆ ನೆಲಕ್ಕೆ ಸೇರುವ ಮೂಲೆಗೆ ಗಾರೆಯವರು ಸಿಮೆಂಟನ್ನು ದುಂಡಗೆ ಸವರಿರುತ್ತಾರೆ, ಅಲ್ವಾ? ಫಿಲೆಟ್ ಅಂದರೆ ಅದೇ, ಫಿನ್ ಮತ್ತು ಕೊಳವೆಯ ನಡುವೆ. ಚೂಪು ಮೂಲೆಯಲ್ಲಿ ಪೆಟ್ಟೆಲ್ಲಾ ಒಂದೇ ಗೆರೆಗೆ ಬೀಳುತ್ತದೆ. ದುಂಡಾದರೆ ಅಗಲಕ್ಕೆ ಹಂಚಿಹೋಗುತ್ತದೆ. ಆ ಮೂಲೆಯಲ್ಲಿ ಗಾಳಿ ಸುತ್ತಿಕೊಂಡು ಆಗುವ ಎಳೆತವೂ ಕಡಿಮೆಯಾಗುತ್ತದೆ.

ಬಿಳಿ ಅಂಟಿನ ಫಿಲೆಟ್ಟಿಗೆ ರಾಕೆಟ್ಟನ್ನು ಅಡ್ಡ ಮಲಗಿಸಿ, ಎರಡು ಫಿನ್ ಮೇಲ್ಮುಖವಾಗಿ V ಆಕಾರದಲ್ಲಿ ಇರಲಿ. ಸಣ್ಣ ಎಳೆಯಂತೆ ಅಂಟು ಬಿಟ್ಟು, ಒದ್ದೆ ಬೆರಳಿನಿಂದ ಒಂದೇ ಸಲ ಎಳೆಯಿರಿ. ಒಣಗುವಾಗ ನೀರು ಹೋಗಿ ಅಂಟು ಕುಗ್ಗುತ್ತದೆ. ಅದಕ್ಕೇ ದಪ್ಪಗೆ ಒಮ್ಮೆಗೇ ತುಂಬಿದರೆ ಗುಳ್ಳೆ ಬರುತ್ತದೆ, ನಡುವೆ ಕುಸಿಯುತ್ತದೆ, ತೆಳು ಬಾಲ್ಸಾ ಸೊಟ್ಟಗೂ ಆಗಬಹುದು. ಎರಡು ಮೂರು ತೆಳು ಕೋಟ್ ಹಾಕಿ. ಮಳೆಗಾಲದಲ್ಲಿ ಒಂದೊಂದು ಕೋಟಿಗೂ ಒಂದು ರಾತ್ರಿ ಕೊಡಿ.

ಎಪಾಕ್ಸಿ ಅಷ್ಟು ಕುಗ್ಗುವುದಿಲ್ಲ, ಆದರೆ ಗಡಿ ಬೇಕು. 10 ಮಿ.ಮೀ. ದಪ್ಪದ ದುಂಡು ಕಡ್ಡಿಗೆ ಸೀಮೆಸುಣ್ಣ ಸವರಿ ಮೂಲೆಯುದ್ದಕ್ಕೂ ಒತ್ತಿ ಎಳೆಯಿರಿ. ಫಿನ್ ಮೇಲೊಂದು, ಕೊಳವೆ ಮೇಲೊಂದು ಗೆರೆ ಬೀಳುತ್ತದೆ. ಆ ಗೆರೆಗಳ ಹೊರಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವೆ ಎಪಾಕ್ಸಿ ತುಂಬಿ, ಅದೇ ಕಡ್ಡಿಯನ್ನು ಒರೆಸಿಕೊಂಡು ಅದರಿಂದ ಎಳೆಯಿರಿ. ಟೇಪನ್ನು ಎಪಾಕ್ಸಿ ಗಟ್ಟಿಯಾಗುವ ಮುಂಚೆಯೇ ತೆಗೆಯಬೇಕು. ಉಳಿದ ಸಣ್ಣ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿದ ಕೈಗವಸಿನ ಬೆರಳಿನಿಂದ ನಯ ಮಾಡಿ.

ಫಿಲೆಟ್ ದಪ್ಪಗಿದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಇಲ್ಲಿ ಲೆಕ್ಕ ಹಾಕಲೇಬೇಕು. ಮೂಲೆಯನ್ನು ಸುಮಾರು 90 ಡಿಗ್ರಿ ಎಂದುಕೊಂಡರೆ, ಫಿಲೆಟ್ಟಿನ ಅಡ್ಡಕೊಯ್ತದ ವಿಸ್ತೀರ್ಣ ತ್ರಿಜ್ಯದ ವರ್ಗದ 0.215 ಪಟ್ಟು. ಬುಡ 60 ಮಿ.ಮೀ. ಉದ್ದವಿರುವ ಮೂರು ಫಿನ್, ಅಂದರೆ ಆರು ಫಿಲೆಟ್. ತ್ರಿಜ್ಯ 5 ಮಿ.ಮೀ. ಆದರೆ ಹತ್ತಿರ ಹತ್ತಿರ 2 ಮಿ.ಲೀ. ಎಪಾಕ್ಸಿ, ಸುಮಾರು 2 ಗ್ರಾಂ. ತ್ರಿಜ್ಯ 10 ಮಾಡಿದರೆ ತೂಕ ನಾಲ್ಕು ಪಟ್ಟು, 8 ಗ್ರಾಂ ದಾಟುತ್ತದೆ. 25 ಗ್ರಾಂ ರಾಕೆಟ್ಟಿಗೆ ಇದು ಸಣ್ಣ ಹೊರೆಯಲ್ಲ, ಅದೂ ಪೂರ್ತಿ ಬಾಲದಲ್ಲಿ. ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಅದು ಗಾಳಿಯ ಒತ್ತಡದ ಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲಾ ಒಟ್ಟಾಗಿ ಬೀಳುವ ಜಾಗ) ಕನಿಷ್ಠ ಒಂದು ಕೊಳವೆ ವ್ಯಾಸದಷ್ಟು ಮುಂದಿರಬೇಕು. ಫಿಲೆಟ್ ಪೂರ್ತಿ ಒಣಗಿದ ಮೇಲೆ, ಮೋಟರ್ ಮತ್ತು ಪ್ಯಾರಾಚೂಟ್ ಒಳಗಿಟ್ಟು, ರಾಕೆಟ್ಟನ್ನು ದಾರದಲ್ಲಿ ಅಡ್ಡ ತೂಗುಹಾಕಿ ನೋಡಿ. ಸಮವಾಗಿ ನಿಂತ ಜಾಗವೇ ತೂಕದ ಕೇಂದ್ರ, ಅದಕ್ಕೆ ಪೆನ್ಸಿಲ್ ಗುರುತು ಹಾಕಿ ಅಳೆದುಕೊಳ್ಳಿ.