ಜಿಪ್: ಜೋಡಿಸುವುದು ಬೇರೆ, ಒಟ್ಟಿಗೆ ಓಡಿಸುವುದು ಬೇರೆ

‘ಎರಡೂ ಎಪಿಐ ಕರೆಗಳನ್ನು ಜಿಪ್ ಮಾಡಿದ್ದೇನೆ, ಹಾಗಾಗಿ ಅವು ಏಕಕಾಲಕ್ಕೆ ಓಡುತ್ತವೆ.’ ಕೋಡ್ ಪರಿಶೀಲನೆಯಲ್ಲಿ, ಸರ್ವರ್‌ನಿಂದ ಮಾಹಿತಿ ಕೇಳುವ ಎಪಿಐ ಕರೆಗಳ ಬಗ್ಗೆ, ಈ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಇದರಲ್ಲಿರುವ ‘ಹಾಗಾಗಿ’ ತಪ್ಪು. ಯಾವ ಕರೆ ಯಾವ ಥ್ರೆಡ್‌ನಲ್ಲಿ (ಪ್ರೋಗ್ರಾಮಿನ ಕೆಲಸಗಳು ಸಾಲಾಗಿ ಓಡುವ ದಾರಿಯಲ್ಲಿ) ಓಡಬೇಕು ಎಂಬುದು ಜಿಪ್‌ಗೆ ಸಂಬಂಧಿಸಿದ ವಿಷಯವೇ ಅಲ್ಲ. ಬಂದ ಉತ್ತರಗಳನ್ನು ಜೋಡಿಸಿ ಕೊಡುವುದಷ್ಟೇ ಅದರ ಕೆಲಸ.

ಜಾವಾ ಲೈಬ್ರರಿಯಾದ ಆರ್‌ಎಕ್ಸ್‌ಜಾವಾದಲ್ಲಿ ಜಿಪ್ ತನಗೆ ಕೊಟ್ಟ ಮೂಲಗಳಿಗೆ (ಇಲ್ಲಿ ಕರೆಗಳಿಗೆ) ಒಂದಾದ ಮೇಲೊಂದರಂತೆ ಸಬ್‌ಸ್ಕ್ರೈಬ್ ಆಗುತ್ತದೆ, ಅಂದರೆ ಉತ್ತರ ಕೊಡಲು ಕೇಳಿಕೊಳ್ಳುತ್ತದೆ. ಮೊದಲ ಕರೆ ಥ್ರೆಡ್ಡನ್ನು ಹಿಡಿದು ಕೂತರೆ, ಅದು ಮುಗಿಯುವ ತನಕ ಎರಡನೆಯದು ಶುರುವಾಗುವುದೇ ಇಲ್ಲ. ಪ್ರೊಫೈಲ್ ತರಲು 300 ಮಿಲಿಸೆಕೆಂಡ್, ಆರ್ಡರ್ ಪಟ್ಟಿಗೆ 500 ಎಂದಿಟ್ಟುಕೊಳ್ಳಿ. ಕೆಲಸ ಯಾವ ಥ್ರೆಡ್‌ನಲ್ಲಿ ಶುರುವಾಗಬೇಕೆಂದು ಹೇಳುವ ಸಬ್‌ಸ್ಕ್ರೈಬ್‌ಆನ್ ಅನ್ನು ಜಿಪ್ ಆದ ಮೇಲೆ ಒಮ್ಮೆ ಮಾತ್ರ ಬರೆದರೆ ಎರಡೂ ಒಂದೇ ಹಿನ್ನೆಲೆ ಥ್ರೆಡ್‌ನಲ್ಲಿ ಸಾಲಾಗಿ ಓಡಿ 800 ಆಗುತ್ತದೆ. ಪ್ರತಿ ಮೂಲಕ್ಕೂ ಬೇರೆಬೇರೆಯಾಗಿ ಬರೆದರೆ ಸುಮಾರು 500ಕ್ಕೆ ಮುಗಿಯುತ್ತದೆ. ಗೊಂದಲ ಹೆಚ್ಚಲು ನೆಟ್‌ವರ್ಕ್ ಕರೆಗಳ ಲೈಬ್ರರಿಯಾದ ರೆಟ್ರೋಫಿಟ್ಟೂ ಒಂದು ಕಾರಣ: ಅದನ್ನು ಆರ್‌ಎಕ್ಸ್‌ಜಾವಾ 2ಕ್ಕೆ ಬೆಸೆಯುವ ಅಡಾಪ್ಟರನ್ನು ‘ಕ್ರಿಯೇಟ್’ ಎಂದು ಕರೆದರೆ ಸಿಗುವುದು ಸಿಂಕ್ರನಸ್ (ಮುಗಿಯುವ ತನಕ ಥ್ರೆಡ್ಡನ್ನು ಹಿಡಿದಿಡುವ) ಕರೆ, ಆರ್‌ಎಕ್ಸ್‌ಜಾವಾ 3ರಲ್ಲಿ ಅದೇ ‘ಕ್ರಿಯೇಟ್’ಗೆ ಸಿಗುವುದು ಅಸಿಂಕ್ರನಸ್ (ಹಿನ್ನೆಲೆಯಲ್ಲಿ ತಾನೇ ಓಡುವ) ಕರೆ. ವೇಗ ಅಡಾಪ್ಟರಿನದು, ಹೆಸರು ಮಾತ್ರ ಜಿಪ್‌ಗೆ.

ಕಾಟ್ಲಿನ್ ಭಾಷೆಯಲ್ಲೂ ಇದೇ ಕಥೆ. ಕೆಲಸವನ್ನು ಹೊರಡಿಸುವ ಅಸಿಂಕ್ ಬರೆದ ಸಾಲಿನಲ್ಲೇ ಉತ್ತರಕ್ಕೆ ಕಾಯುವ ಅವೇಟ್ ಅಂಟಿಸಿದರೆ ಏಕಕಾಲಿಕತೆ ಅಲ್ಲಿಗೇ ಮುಗಿಯಿತು. ಎರಡೂ ಅಸಿಂಕ್ ಮೊದಲು ಹೊರಡಲಿ, ಅವೇಟ್ ಆಮೇಲೆ.

ಇನ್ನು ಜಿಪ್ ಮತ್ತು ಕಂಬೈನ್‌ಲೇಟೆಸ್ಟ್ ಒಂದೇ ಎನ್ನುವವರಿದ್ದಾರೆ. ನೆಟ್‌ವರ್ಕ್ ಕರೆಗೆ ಒಂದೇ ಉತ್ತರ ಬರುವುದರಿಂದ ಅಲ್ಲಿ ವ್ಯತ್ಯಾಸ ಕಾಣುವುದಿಲ್ಲ. ತಪ್ಪು ಕಲ್ಪನೆ ಬೇರು ಬಿಡುವುದೂ ಅಲ್ಲೇ. ಜಿಪ್ ಕ್ರಮಸಂಖ್ಯೆ ನೋಡುತ್ತದೆ: ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು. ಹುಡುಕಾಟದ ಪೆಟ್ಟಿಗೆಯನ್ನೂ ಫಿಲ್ಟರನ್ನೂ ಜಿಪ್ ಮಾಡಿ ನೋಡಿ. ಬಳಕೆದಾರರು ಮೂರು ಪದ ಬದಲಿಸಿ ಫಿಲ್ಟರ್ ಒಮ್ಮೆಯಷ್ಟೇ ಒತ್ತಿದರೆ ಫಲಿತಾಂಶ ಒಂದೇ, ಅದೂ ಮೊದಲ ಪದದ್ದು. ಉಳಿದೆರಡು ಜೊತೆಗಾಗಿ ಕಾಯುತ್ತಲೇ ಇರುತ್ತವೆ. ಅಲ್ಲಿ ಬೇಕಾದದ್ದು ಪ್ರತಿ ಮೂಲದ ತೀರಾ ಈಚಿನ ಮೌಲ್ಯವನ್ನು ಹಿಡಿಯುವ ಕಂಬೈನ್‌ಲೇಟೆಸ್ಟ್. ಮರ್ಜ್ ಅಂತೂ ಜೋಡಿಸುವುದೇ ಇಲ್ಲ, ಬಂದದ್ದನ್ನು ಬಂದಂತೆ ದಾಟಿಸುತ್ತದೆ. ಮೊದಲ ಉತ್ತರದ ಐಡಿ ಎರಡನೆಯ ಕರೆಗೆ ಬೇಕಿದ್ದರೆ ಅವು ಸ್ವತಂತ್ರ ಕರೆಗಳೇ ಅಲ್ಲ. ಅದು ಒಂದರ ಉತ್ತರದಿಂದ ಮುಂದಿನ ಕರೆಯನ್ನು ಹೊರಡಿಸುವ ಫ್ಲಾಟ್‌ಮ್ಯಾಪ್‌ನ ಕೆಲಸ.

ವೈಫಲ್ಯದ ವಿಷಯದಲ್ಲಿ ಜಿಪ್ ಕಠೋರ. ಒಂದು ಮೂಲ ಸೋತರೆ ಇನ್ನೊಂದರ ಉತ್ತರ ಬಂದಿದ್ದರೂ ಕೈಗೆ ಸಿಗುವುದಿಲ್ಲ. ಪ್ರೊಫೈಲ್ ಇಲ್ಲದ ಪರದೆಗೆ ಅರ್ಥವಿಲ್ಲ, ಸರಿ. ಆದರೆ ಶಿಫಾರಸುಗಳ ಪಟ್ಟಿ ಬರಲಿಲ್ಲವೆಂದು ಇಡೀ ಪರದೆಯಲ್ಲಿ ದೋಷ ಸಂದೇಶ ತೋರಿಸುವುದು ಬಳಕೆದಾರರಿಗೆ ಮಾಡುವ ಅನ್ಯಾಯ. ಅಂಥ ಐಚ್ಛಿಕ ಕರೆಗೆ ಜಿಪ್‌ನೊಳಗೆ ಹೋಗುವ ಮೊದಲೇ ಕರೆ ಸೋತಾಗ ಬದಲಿ ಮೌಲ್ಯ ಕೊಡುವ ಆನ್‌ಎರರ್‌ರಿಟರ್ನ್‌ಐಟಂ ಮೂಲಕ ಖಾಲಿ ಪಟ್ಟಿಯೊಂದನ್ನು ಕೊಟ್ಟು ಕಳುಹಿಸಿ.