ಇಬ್ಬರಿಗೊಂದು ಶಾರ್ಕುಟರಿ ಬೋರ್ಡು, ಮತ್ತೆ ಅದರೊಳಗಿನ ವಿಜ್ಞಾನ

ಉಪ್ಪು ಹಾಕಿ ಒಣಗಿಸಿದ ಮಾಂಸದ ತೆಳು ಸ್ಲೈಸು, ಎರಡ್ಮೂರು ಥರ ಚೀಸು, ಒಂದಿಷ್ಟು ಹಣ್ಣು, ನಟ್ಸು, ಏನಾದ್ರೂ ಹುಳಿ, ಜೊತೆಗೆ ಕ್ರ್ಯಾಕರ್ ಇಲ್ಲಾ ಬ್ರೆಡ್ಡು, ಎಲ್ಲ ಒಂದೇ ಮರದ ಹಲಗೆ ಮೇಲೆ, ಇಷ್ಟೇ ಶಾರ್ಕುಟರಿ ಬೋರ್ಡ್ ಅಂದ್ರೆ. ಹತ್ತು ಜನಕ್ಕೆ ಜೋಡಿಸಿದ ಬೋರ್ಡಿನ ಫೋಟೋ ನೋಡಿ ಎಲ್ಲದನ್ನೂ ಐದರಿಂದ ಭಾಗಿಸಿಬಿಟ್ರೆ ಇಬ್ಬರ ಬೋರ್ಡ್ ರೆಡಿ ಅಂತ ತುಂಬ ಜನ ಅಂದ್ಕೋತಾರೆ. ಹಾಗಾಗಲ್ಲ. ತುಂಡು ಚಿಕ್ಕದಾದ ಕೂಡ್ಲೇ ಅದು ಬೆಚ್ಚಗಾಗೋ, ಒಣಗೋ, ಪರಿಮಳ ಬಿಡೋ ಸ್ಪೀಡೇ ಬೇರೆಯಾಗತ್ತೆ.

ಲೆಕ್ಕ ಸಿಂಪಲ್ಲು. ಉದ್ದ, ಅಗಲ, ಎತ್ತರ ಮೂರೂ 4 ಸೆಂಟಿಮೀಟರ್ ಇರೋ ಒಂದು ಚೀಸ್ ಗಟ್ಟಿ ತಗೊಳ್ಳಿ, ಅದರ ಗಾತ್ರ 64 ಘನ ಸೆಂಟಿಮೀಟರ್, ಹೊರಮೈ 96 ಚದರ ಸೆಂಟಿಮೀಟರ್. ಅದನ್ನೇ 2 ಸೆಂಟಿಮೀಟರಿನ 8 ತುಂಡು ಮಾಡಿದ್ರೆ ಚೀಸು ಅಷ್ಟೇ, ಹೊರಮೈ ಮಾತ್ರ 192ಕ್ಕೆ ಹೋಗತ್ತೆ, ಅಂದ್ರೆ ಡಬಲ್. ಗಾಳಿ ತಾಗೋದು, ನೀರು ಆರೋದು, ಶಾಖ ಒಳಗೆ ಹೋಗೋದು ಎಲ್ಲ ಈ ಹೊರಮೈ ಮೂಲಕಾನೇ. ಹಾಗಾಗಿ ದೊಡ್ಡ ಗಟ್ಟಿ ಫ್ರಿಜ್ಜಿನಿಂದ ಆಚೆ ಬಂದು ಹದಕ್ಕೆ ಬರೋಕೆ ಒಂದು ಗಂಟೆ ತಗೊಂಡ್ರೆ ಇಬ್ಬರ ಪಾಲಿನ ಚಿಕ್ಕ ತುಂಡಿಗೆ ಅಷ್ಟೊತ್ತು ಬೇಡ, ಇಪ್ಪತ್ತು ಮೂವತ್ತು ನಿಮಿಷ ಸಾಕು, ಅದಕ್ಕಿಂತ ಮುಂಚೆನೇ ಕಟ್ ಮಾಡಿಟ್ರೆ ಅಂಚು ಒಣಗಿ ಕಣ್ಣಿಗೆ ಗಾಜಿನ ಥರ ಕಾಣೋಕೆ ಶುರುವಾಗತ್ತೆ. ಅದಕ್ಕೇ ಚೀಸನ್ನ ಕಟ್ ಮಾಡದೇ ಇಡೀ ತುಂಡಾಗೇ ಆಚೆ ಇಟ್ಟು, ತಿನ್ನೋಕೆ ಕೂರುವಾಗ ಚಾಕು ಹಾಕೋದು ವಾಸಿ.

ಆಚೆ ಯಾಕೆ ಇಡಬೇಕು ಅಂದ್ರೆ ಹಾಲಿನ ಕೊಬ್ಬು ಅನ್ನೋದು ಒಂದೇ ಕೊಬ್ಬಲ್ಲ, ಬೇರೆ ಬೇರೆ ಉಷ್ಣತೆಗೆ ಕರಗೋ ಹಲವು ಕೊಬ್ಬಿನ ಮಿಶ್ರಣ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಅದರ ದೊಡ್ಡ ಪಾಲು ಗಟ್ಟಿಯಾಗಿರತ್ತೆ, 20 ಡಿಗ್ರಿ ಹೊತ್ತಿಗೆ ಬಹಳಷ್ಟು ಮೆತ್ತಗಾಗತ್ತೆ, ನಮ್ಮ ಮೈಯಷ್ಟು ಬಿಸಿಗೆ ಹೆಚ್ಚೂ ಕಡಿಮೆ ಪೂರ್ತಿ ಕರಗಿರತ್ತೆ. ಪರಿಮಳದ ಅಣುಗಳಲ್ಲಿ ಎಷ್ಟೋ ಈ ಕೊಬ್ಬಿನಲ್ಲೇ ಸೇರಿಕೊಂಡಿರೋದು, ಬೆಚ್ಚಗಾದಷ್ಟೂ ಅವು ಹಾರಿ ಬಾಯಿಯ ಹಿಂದಿನಿಂದ ಮೂಗಿಗೆ ಹೋಗತ್ವೆ, ನಾವು ರುಚಿ ಅಂತ ಕರೆಯೋದ್ರಲ್ಲಿ ದೊಡ್ಡ ಪಾಲು ಅದೇ. ಬ್ರೀ ಅನ್ನೋ ಮೆತ್ತನೆ ಚೀಸು ತಣ್ಣಗಿದ್ರೆ ಬರೀ ಮೇಣ. ಹಳೇ ಗೌಡಾ ಥರದ ಗಟ್ಟಿ ಚೀಸಲ್ಲಿ ಹಲ್ಲಿಗೆ ಕಟುಂ ಅಂತ ಸಿಗೋ ಬಿಳಿ ಹರಳು ಉಪ್ಪಲ್ಲ, ಪ್ರೋಟೀನ್ ಮುರಿದು ಬಿದ್ದಾಗ ಬಿಡುಗಡೆಯಾಗೋ ಟೈರೋಸಿನ್ ಅನ್ನೋ ಅಮೈನೋ ಆಮ್ಲ, ಚೀಸು ಚೆನ್ನಾಗಿ ಮಾಗಿದೆ ಅನ್ನೋದಕ್ಕೆ ಗುರುತು.

ಈಗ ಮಾಂಸ. ಹಸಿ ಮಾಂಸವನ್ನ ಬೇಯಿಸದೇನೇ ತಿಂಗಳುಗಟ್ಟಲೆ ಇಟ್ಟು ತಿನ್ನಬಹುದು ಅಂದ್ರೆ ಕೆಲವರಿಗೆ ಈಗಲೂ ಮೈ ಜುಂ ಅನ್ನತ್ತೆ, ಆದ್ರೆ ಕೆಲಸ ಮಾಡೋದು ತುಂಬ ಹಳೇ ಐಡಿಯಾ: ಬ್ಯಾಕ್ಟೀರಿಯಾಗೆ ನೀರು ಸಿಗದ ಹಾಗೆ ಮಾಡೋದು. ಉಪ್ಪು ಒಂದಿಷ್ಟು ನೀರನ್ನ ಎಳೆದು ಆಚೆ ಹಾಕತ್ತೆ, ಉಳಿದಿದ್ದನ್ನ ಹಿಡ್ಕೊಂಡು ಕೂರತ್ತೆ, ಅದು ಸೂಕ್ಷ್ಮಜೀವಿಗಳ ಕೈಗೆ ಸಿಗಲ್ಲ. ಸಲಾಮಿಯಲ್ಲಿ, ಅಂದ್ರೆ ಕೊಚ್ಚಿದ ಮಾಂಸ ತುಂಬಿ ಒಣಗಿಸಿದ ಸಾಸೇಜಲ್ಲಿ, ಇನ್ನೊಂದು ಬೇಲಿನೂ ಇರತ್ತೆ, ಲ್ಯಾಕ್ಟಿಕ್ ಆಮ್ಲ ಮಾಡೋ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಮಾಂಸವನ್ನ ಹುಳಿ ಮಾಡತ್ವೆ, ಮೊಸರಲ್ಲಿ ಆಗೋದೂ ಇದೇ ಕೆಲಸ. ಸಲಾಮಿ ಮೇಲಿನ ಬಿಳಿ ಪುಡಿ ಸಾಮಾನ್ಯವಾಗಿ ಬೇಕಂತಲೇ ಬೆಳೆಸಿದ ಬೂಷ್ಟು, ಪೆನಿಸಿಲಿಯಂ ಜಾತಿದು, ಬೇರೆ ಕೆಟ್ಟ ಬೂಷ್ಟಿಗೆ ಜಾಗ ಬಿಡಲ್ಲ.

ಇಷ್ಟೆಲ್ಲ ಹುಷಾರು ಯಾಕೆ ಅಂದ್ರೆ ಹಿಂದೆ ಜನ ಸತ್ತಿದ್ದಾರೆ. 1895ರಲ್ಲಿ ಬೆಲ್ಜಿಯಂನ ಎಲ್ಲೆಝೆಲ್ ಅನ್ನೋ ಹಳ್ಳಿಯಲ್ಲಿ ಒಂದು ಶವಸಂಸ್ಕಾರಕ್ಕೆ ವಾದ್ಯ ನುಡಿಸೋಕೆ ಬಂದ ಬ್ಯಾಂಡಿನವರು ಹ್ಯಾಮ್, ಅಂದ್ರೆ ಉಪ್ಪು ಹಾಕಿಟ್ಟ ಹಂದಿ ತೊಡೆ, ತಿಂದ್ರು, ಹಲವರಿಗೆ ಕಾಯಿಲೆ ಬಂತು, ಮೂವರು ತೀರಿಕೊಂಡ್ರು. ಆ ಹ್ಯಾಮನ್ನ ಪರೀಕ್ಷೆ ಮಾಡಿದ ಬ್ಯಾಕ್ಟೀರಿಯಾ ತಜ್ಞ ಎಮಿಲ್ ವಾನ್ ಎರ್ಮೆಂಗೆಮ್ ಅದರಲ್ಲಿ ಗಾಳಿ ಬೇಡದ ಒಂದು ಬ್ಯಾಕ್ಟೀರಿಯಾ ಹಿಡಿದ್ರು, ಅದನ್ನೇ ಈಗ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅಂತೀವಿ. ಇವತ್ತು ಹೀಗೆ ಉಪ್ಪು ಹಾಕಿ ಕಾಪಿಡೋ ಎಷ್ಟೋ (ಕ್ಯೂರ್ಡ್) ಮಾಂಸಕ್ಕೆ ಚಿಟಿಕೆ ನೈಟ್ರೈಟ್ ಅನ್ನೋ ಲವಣ ಹಾಕೋದು ಮುಖ್ಯವಾಗಿ ಇದನ್ನ ತಡೆಯೋಕೆ. ಆ ಕೆಂಪು-ಗುಲಾಬಿ ಬಣ್ಣಾನೂ ಅದರಿಂದಲೇ ಬರೋದು, ನೈಟ್ರೈಟಿಂದ ಹುಟ್ಟಿದ ನೈಟ್ರಿಕ್ ಆಕ್ಸೈಡ್ ಮಾಂಸಕ್ಕೆ ಬಣ್ಣ ಕೊಡೋ, ಕಬ್ಬಿಣ ಇರೋ ಮಯೋಗ್ಲೋಬಿನ್ ಅನ್ನೋ ಪ್ರೋಟೀನಿಗೆ ಅಂಟಿಕೊಳ್ಳತ್ತೆ. ಮಜಾ ಏನಂದ್ರೆ ಇಟಲಿಯ ಪಾರ್ಮಾ ಹ್ಯಾಮಿಗೆ ನೈಟ್ರೈಟ್ ಹಾಕೋ ಹಾಗೇ ಇಲ್ಲ, ಹಂದಿ ತೊಡೆ ಮತ್ತೆ ಉಪ್ಪು ಅಷ್ಟೇ, ಆದ್ರೂ ಕೆಂಪಗಿರತ್ತೆ. ವರ್ಷಕ್ಕೂ ಮೀರಿ ಮಾಗುವಾಗ ಮಾಂಸದ ಬಣ್ಣದ ಅಣುವಿನಲ್ಲಿ ಕಬ್ಬಿಣದ ಜಾಗಕ್ಕೆ ಸತು ಬಂದು ಕೂರತ್ತೆ, ಬಣ್ಣ ಅದರದ್ದು.

ಎಷ್ಟು ಬೇಕು? ಊಟಕ್ಕೆ ಮುಂಚಿನ ತಿಂಡಿಯಾದ್ರೆ ಇಬ್ಬರಿಗೂ ಸೇರಿ ಮಾಂಸ 100 ಗ್ರಾಂ, ಚೀಸ್ 120 ಗ್ರಾಂ ಧಾರಾಳ ಆಯ್ತು. ಎಷ್ಟು ಥರ ಅನ್ನೋದು ಅದಕ್ಕಿಂತ ಮುಖ್ಯ. ಒಂದೇ ರುಚಿ ತಿಂತಾ ಹೋದ್ರೆ ಆ ರುಚಿ ಮೇಲಿನ ಆಸೆ ಇಳಿಯತ್ತೆ, ಬೇರೆ ತಿನಿಸಿನ ಆಸೆ ಹಾಗೇ ಇರತ್ತೆ, 1980ರ ದಶಕದ ಶುರುವಲ್ಲಿ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಅವರ ಜೊತೆಯವರು ಇದನ್ನ ಪ್ರಯೋಗ ಮಾಡಿ ತೋರಿಸಿದ್ರು. ಬಗೆ ಜಾಸ್ತಿ ಇಟ್ಟಷ್ಟೂ ಜಾಸ್ತಿ ತಿಂತೀವಿ ಅನ್ನೋದಕ್ಕೆ ಒಂದು ಕಾರಣ ಇದು. ನನ್ನ ಪ್ರಕಾರ ಇಬ್ಬರಿಗೆ ಎರಡು ಮಾಂಸ, ಎರಡು ಚೀಸ್ ಸಾಕು, ಒಂದು ಮೆತ್ತಗೆ, ಇನ್ನೊಂದು ಗಟ್ಟಿ. ಮೂರನೇ ಚೀಸು ಬರೀ ಫೋಟೋಗೆ.

ಆದ್ರೆ ಹುಳಿ ಮತ್ತೆ ಒಗರು ಮಾತ್ರ ಬಿಡಬೇಡಿ. ಜಿಡ್ಡು ನಾಲಿಗೆ ಮೇಲೆ ಕೂತು ಜಾರು ಜಾರು ಮಾಡತ್ತೆ, ಒಗರು ಅದಕ್ಕೆ ಉಲ್ಟಾ, ಟೀ, ರೆಡ್ ವೈನ್, ದ್ರಾಕ್ಷಿ ಸಿಪ್ಪೆಯಲ್ಲಿರೋ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನ್ ಹಿಡಿದು ಬಾಯಿ ಒರಟು ಮಾಡತ್ವೆ. 2012ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಸಲಾಮಿ ತಿಂದು ಮಧ್ಯೆ ಮಧ್ಯೆ ನೀರು ಕುಡಿದವರಿಗಿಂತ ಟೀ ಕುಡಿದವರಿಗೆ ಬಾಯಿಯ ಜಿಡ್ಡು ಕಡಿಮೆ ಅನ್ನಿಸ್ತು. ಇನ್ನು ಉಪ್ಪು ಮಾಂಸದ ಜೊತೆ ಅಂಜೂರ, ಜೇನು ಯಾಕೆ ಹೊಂದತ್ತೆ ಅನ್ನೋದಕ್ಕೂ ಒಂದು ಸುಳಿವಿದೆ, ಉಪ್ಪು ಕಹಿಯನ್ನ ಅದುಮತ್ತೆ, ಕಹಿ ತಗ್ಗಿದಾಗ ಅಡಗಿದ್ದ ಸಿಹಿ ಎದ್ದು ಬರತ್ತೆ.

ಚಿಕ್ಕ ಹಲಗೆಯಲ್ಲಿ ಎಲ್ಲ ಒತ್ತೊತ್ತಾಗಿ ಇರೋದ್ರಿಂದ ಇನ್ನೊಂದು ತಾಪತ್ರಯ. ಪಕ್ಕದಲ್ಲಿರೋ ದ್ರಾಕ್ಷಿ, ಬ್ರೀಯಿಂದ ಕ್ರ್ಯಾಕರ್ ತೇವ ಹೀರಿ ಮೆತ್ತಗಾಗತ್ತೆ, ಅದನ್ನ ಬೇರೆ ಬಟ್ಟಲಿಗೆ ಹಾಕಿ, ವಿನೆಗರ್ ಸೌತೆಕಾಯಿಯನ್ನೂ ಅಷ್ಟೇ. ಸೇಬು ಕಟ್ ಮಾಡಿದ್ರೆ ನಿಂಬೆರಸ ಸವರಿ, ಆಮ್ಲ ತಾಗಿದ್ರೆ ಸೇಬಿಗೆ ಕಂದು ಬಣ್ಣ ತರೋ ಕಿಣ್ವದ ಕೆಲಸ ತಗ್ಗತ್ತೆ.

ಆರೋಗ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನ ಕ್ಯಾನ್ಸರ್ ತರೋ ಪಟ್ಟಿಗೆ ಸೇರಿಸ್ತು, ದಿನಾ 50 ಗ್ರಾಂ ತಿನ್ನೋರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು 18% ಜಾಸ್ತಿ ಅಂತ ಅವರ ಅಂದಾಜು. ಅದು ದಿನಾ ತಿನ್ನೋರ ಲೆಕ್ಕ, ಅಪರೂಪಕ್ಕೆ ತಿನ್ನೋದು ಬೇರೆ. ಗರ್ಭಿಣಿಯರು ಮಾತ್ರ ಬೇಯಿಸದ ಇಂಥ ಮಾಂಸ ಮತ್ತೆ ಬ್ರೀ ಥರದ ಮೆತ್ತನೆ ಚೀಸಿನ ವಿಷಯ ಡಾಕ್ಟರ್ ಹತ್ರ ಕೇಳ್ಲೇಬೇಕು, ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್ಜಿನ ತಣ್ಣಗಲ್ಲೂ ಬೆಳೆಯತ್ತೆ. ಉಳಿದವರಿಗೆ ಟೈಮಿನ ರೂಲು: ಹೊರಗೆ ಎರಡು ಗಂಟೆ, 32 ಡಿಗ್ರಿ ದಾಟಿದ ಸೆಕೆ ಇದ್ರೆ ಒಂದೇ ಗಂಟೆ. ಆಮೇಲೆ ಉಳಿದ ಮಾಂಸ, ಮೆತ್ತನೆ ಚೀಸು ಎಸೆಯೋದೇ ಸರಿ. ಅಷ್ಟರೊಳಗೆ ಕೈ ಹಾಕದ ಗಟ್ಟಿ ಚೀಸ್ ಮಿಕ್ಕಿದ್ರೆ ಬಟರ್ ಪೇಪರಲ್ಲಿ ಸುತ್ತಿ, ಆಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ, ಬರೀ ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಸುತ್ತಿದ್ರೆ ತೇವ ಒಳಗೇ ನಿಂತು ಬೂಷ್ಟು ಬೇಗ ಹಿಡಿಯತ್ತೆ.