ಟೆಂಟ್ ಸೋರಲಿಲ್ಲ, ಆದರೂ ಒಳಗೆಲ್ಲ ಒದ್ದೆ

ಮೂಗಿನ ಮೇಲೆ ತಣ್ಣನೆಯ ಹನಿ ಬಿದ್ದು ಎಚ್ಚರವಾಯಿತು. ಬೆಳಗಿನ ಐದೂವರೆ. ಟೆಂಟಿನ ಒಳಮೈ ಸವರಿದರೆ ಅಂಗೈ ತುಂಬ ನೀರು. ಪಕ್ಕದಲ್ಲಿ ಮಲಗಿದ್ದ ಅಕ್ಕನ ಮಗಳು, "ಮಾಮ, ಟೆಂಟ್ ಸೋರ್ತಾ ಇದೆ" ಅಂದಳು.

ಸೋರಲು ಮಳೆಯೇ ಇರಲಿಲ್ಲ. ಮಳೆ ಹೊಡೆದದ್ದು ಹಿಂದಿನ ದಿನ ಸಂಜೆ. ಅದು ನಿಂತ ಮೇಲೆ ಬಂದು ನೋಡಿದಾಗ ಒಳಗೆ ಹಾಸಿದ್ದ ಜಮಖಾನ ಒಣಗಿಯೇ ಇತ್ತು. ಬಿರುಮಳೆಗೆ ಬಗ್ಗದ ಟೆಂಟು, ಚುಕ್ಕಿ ಕಾಣುವ ರಾತ್ರಿಯಲ್ಲಿ ಒದ್ದೆಯಾದದ್ದು ಹೇಗೆ? ಉತ್ತರ ಹುಡುಕಲು ಹಿಂದಿನ ದಿನದ ಮಧ್ಯಾಹ್ನಕ್ಕೇ ಹೋಗಬೇಕು.

ನಾವಿದ್ದದ್ದು ಸಾಗರ ತಾಲ್ಲೂಕಿನ ಹೊನ್ನೆಮರಡುವಿನ ಹತ್ತಿರ, ಶರಾವತಿ ಹಿನ್ನೀರಿನ ಒಂದು ಪುಟ್ಟ ದ್ವೀಪದಲ್ಲಿ. ದ್ವೀಪ ಅಂದರೂ ಅದು ಗುಡ್ಡದ ನೆತ್ತಿಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಕಣಿವೆ, ಗದ್ದೆ, ಊರು ಎಲ್ಲ ನೀರಿನಡಿ ಹೋದವು. ಎತ್ತರದ ತಲೆಗಳಷ್ಟೇ ಮೇಲುಳಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಸಾಲು ಸಾಲಾಗಿ ಕಾಣಿಸುತ್ತವೆ. ನೋಡಿದರೆ ಮನಸ್ಸು ಭಾರವಾಗುತ್ತದೆ.

ಮೇ ತಿಂಗಳ ನಡು, ಕೃತ್ತಿಕಾ ಮಳೆಯ ದಿನಗಳು. ಬೆಳಗ್ಗೆ ಅನುಮತಿ ಪಡೆದು, ತೆಪ್ಪದಲ್ಲಿ ದಾಟಿ ಟೆಂಟ್ ಹೊಡೆದಿದ್ದೆವು. ಜೊತೆಗೆ ಬಂದಿದ್ದ ದೊಡ್ಡಪ್ಪ ಹನ್ನೊಂದು ಗಂಟೆಗೇ ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ, "ಈ ಪರಿ ಸೆಕೆ ಅಂದ್ರೆ ಸಂಜೆ ಮಳೆ ಗ್ಯಾರಂಟಿ" ಅಂದರು. ಮಲೆನಾಡಿನ ಹಿರಿಯರೆಲ್ಲ ಹೇಳುವ ಮಾತೇ ಇದು. ಇದರಲ್ಲಿ ಒಳ್ಳೆಯ ಭೌತವಿಜ್ಞಾನ ಇದೆ.

ಬಿಸಿಲಿಗೂ ಸೆಕೆಗೂ ವ್ಯತ್ಯಾಸ ಇದೆ, ಅಲ್ವಾ? ಬಳ್ಳಾರಿಯ ಬಿಸಿಲಿನಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಅಷ್ಟು ಬೇಗ ಆರುತ್ತದೆ. ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಮೈಗೆ ಅಂಟಿಕೊಂಡೇ ಇರುತ್ತದೆ. ಅದೇ ಸೆಕೆ. ಅಂದರೆ ದೊಡ್ಡಪ್ಪನ ಕತ್ತು ಗಾಳಿಯ ತೇವವನ್ನು ಅಳೆಯುತ್ತಿತ್ತು.

ನೀರು ಆವಿಯಾಗಲು ಎಷ್ಟು ಶಾಖ ಬೇಕು ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಲೆಯ ಮೇಲಿನ ನೀರು ಕುದಿ ಬರಲು ಹತ್ತು ನಿಮಿಷ ಹಿಡಿದರೆ, ಅದೇ ಉರಿಯಲ್ಲಿ ಪೂರ್ತಿ ಆವಿಯಾಗಿ ಹೋಗಲು ಒಂದು ಗಂಟೆಗಿಂತ ಜಾಸ್ತಿ ಬೇಕು. ಅಷ್ಟೂ ಹೊತ್ತು ಕೊಟ್ಟ ಶಾಖ ಕಳೆದುಹೋಗುವುದಿಲ್ಲ. ಆವಿಯ ಒಳಗೇ ಅಡಗಿ ಕೂರುತ್ತದೆ. ಆವಿ ಮತ್ತೆ ನೀರಾದ ಕ್ಷಣ ಅಷ್ಟನ್ನೂ ವಾಪಸು ಕೊಡುತ್ತದೆ.

ಆ ತೇವ ಬಂದದ್ದು ಹೆಚ್ಚಾಗಿ ಪಶ್ಚಿಮದಿಂದ. ಅಲ್ಲಿಂದ ನೇರ ಅಳೆದರೆ ಅರಬ್ಬೀ ಸಮುದ್ರ ಸುಮಾರು 40 ಕಿಲೋಮೀಟರ್. ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಗಾಳಿ ಮೇಲೇಳುತ್ತದೆ. ಆ ಜಾಗಕ್ಕೆ ಕಡಲಿನ ತೇವದ ಗಾಳಿ ನುಗ್ಗುತ್ತದೆ. ಮುಂದೆ ಘಟ್ಟ ಅಡ್ಡ ಬರುವುದರಿಂದ ಅದಕ್ಕೆ ಮೇಲೆ ಹತ್ತದೆ ಬೇರೆ ದಾರಿ ಇಲ್ಲ. ಬೇಸಿಗೆಯ ಮಳೆ ಬೆಳಗ್ಗೆ ಬಿಟ್ಟು ಮಧ್ಯಾಹ್ನದ ಮೇಲೆಯೇ ಬರುವುದು ಇದಕ್ಕೇ. ನೆಲ ಕಾಯಲು ಅಷ್ಟು ಹೊತ್ತು ಬೇಕು.

ಮೇಲೇರಿದ ಗಾಳಿ ಹಿಗ್ಗಿ ತಣಿಯುತ್ತದೆ. ತಣ್ಣನೆಯ ಗಾಳಿ ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಲಾರದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಆವಿ ಇರಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ ಅಷ್ಟೇ. ಉಳಿದದ್ದು ಸಣ್ಣ ಹನಿಗಳಾಗುತ್ತದೆ. ಅದೇ ಮೋಡ. ಹನಿಯಾಗುವಾಗ ಅಡಗಿದ್ದ ಶಾಖ ಹೊರಬಂದು ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಇನ್ನೂ ಮೇಲೇರುತ್ತದೆ, ಇನ್ನಷ್ಟು ಹನಿ, ಇನ್ನಷ್ಟು ಶಾಖ. ಎರಡು ಗಂಟೆಗೆ ಹೂಕೋಸಿನಂತೆ ಕಂಡ ಮೋಡ ಮೂರೂವರೆಗೆ ಕಪ್ಪು ಗೋಪುರವಾಗಿತ್ತು. ಇಂಥ ಗುಡುಗುಮೋಡ 12ರಿಂದ 15 ಕಿಲೋಮೀಟರ್ ಎತ್ತರ ಬೆಳೆಯಬಲ್ಲದು. ಎವರೆಸ್ಟಿಗಿಂತ ಎತ್ತರ!

ಇದರ ಶಕ್ತಿ ಎಷ್ಟು ಎಂದು ನಾನೇ ಲೆಕ್ಕ ಹಾಕಿ ನೋಡಿದೆ. ಒಂದು ಚದರ ಕಿಲೋಮೀಟರ್ ಜಾಗದಲ್ಲಿ ಒಂದು ಸೆಂಟಿಮೀಟರ್ ಮಳೆ ಬಿತ್ತು ಅನ್ನೋಣ. ಅದು 1 ಕೋಟಿ ಲೀಟರ್ ನೀರು. ಅಷ್ಟು ಆವಿ ನೀರಾಗುವಾಗ ಹೊರಬರುವ ಶಾಖ ಸುಮಾರು 68 ಲಕ್ಷ ಯೂನಿಟ್ಟಿಗೆ ಸಮ. ಇದೇ ಹಿನ್ನೀರಿನಿಂದ ನಡೆಯುವ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಪೂರ್ತಿ ಸಾಮರ್ಥ್ಯದಲ್ಲಿ ಆರೂವರೆ ಗಂಟೆ ಓಡಿದರೆ ಅಷ್ಟು ಯೂನಿಟ್ ಆಗುತ್ತದೆ. ಅದೇ 1 ಕೋಟಿ ಲೀಟರನ್ನು ಕೊಳವೆಯಲ್ಲಿ ನಾನೂರಕ್ಕೂ ಹೆಚ್ಚು ಮೀಟರ್ ಕೆಳಗೆ ಬೀಳಿಸಿ ನಾವು ಪಡೆಯುವ ಕರೆಂಟು ಹತ್ತು-ಹನ್ನೆರಡು ಸಾವಿರ ಯೂನಿಟ್ ಮಾತ್ರ. ಮಿಕ್ಕ ಶಾಖವೆಲ್ಲ ಮೋಡವನ್ನು ಎಬ್ಬಿಸಿ ನಿಲ್ಲಿಸುವುದರಲ್ಲೇ, ಆಕಾಶದಲ್ಲೇ, ಮುಗಿದಿರುತ್ತದೆ. ಈ ಲೆಕ್ಕ ನೋಡಿದ ಮೇಲೆ ನನಗೆ ಸಂಜೆಯ ಗುಡುಗು ಬೇರೆಯೇ ರೀತಿ ಕೇಳಿಸುತ್ತದೆ.

ಗುಡುಗಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಮಿಂಚು ಕಂಡು ಗುಡುಗು ಕೇಳುವ ತನಕ ಸೆಕೆಂಡು ಎಣಿಸಿ. ಶಬ್ದಕ್ಕೆ ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು ಬೇಕು. ಮೂವತ್ತರೊಳಗೆ ಕೇಳಿಸಿದರೆ ಸಿಡಿಲು ನಿಮ್ಮ ಮೇಲೂ ಬೀಳಬಹುದಾದ ದೂರದಲ್ಲಿದೆ. ಟೆಂಟು ಸಿಡಿಲಿಗೆ ಅಡ್ಡ ನಿಲ್ಲುವುದಿಲ್ಲ, ಒಂಟಿ ಮರ ಇನ್ನೂ ಅಪಾಯ, ತೆರೆದ ನೀರಿನ ಮೇಲಂತೂ ಇರಲೇಬಾರದು. ದ್ವೀಪದಲ್ಲಿ ಇವು ಮೂರೇ ಇರುವುದು. ಅದಕ್ಕೇ ದೊಡ್ಡಪ್ಪ ಮೊದಲ ಗುಡುಗಿಗೆ ಕಾಯದೆ, ಮೋಡ ಕಪ್ಪಾಗುವ ಮೊದಲೇ ಎಲ್ಲರನ್ನೂ ದಡ ಸೇರಿಸಿದರು. ಕಬ್ಬಿಣದ ಮೈಯ ಜೀಪಿನಲ್ಲಿ ಗಾಜು ಏರಿಸಿಕೊಂಡು ಕೂತೆವು.

ಮಳೆಗೆ ಮುಂಚೆ ಒಮ್ಮೆಲೇ ತಣ್ಣನೆಯ ಗಾಳಿ ಬೀಸಿ ಧೂಳು, ತರಗೆಲೆ ಎಲ್ಲ ಎದ್ದವು. ಮೋಡದಿಂದ ಬೀಳುವ ಹನಿಗಳಲ್ಲಿ ಒಂದಷ್ಟು ದಾರಿಯಲ್ಲೇ ಆರುತ್ತವೆ. ಆರುವಾಗ ಗಾಳಿಯ ಬಿಸಿ ಹೀರುತ್ತವೆ. ತಣಿದು ಭಾರವಾದ ಗಾಳಿ ಧೊಪ್ಪನೆ ನೆಲಕ್ಕೆ ಬಿದ್ದು ಹರಡುತ್ತದೆ. ಬೆವರು ನಮ್ಮ ಮೈಗೆ ಮಾಡುವ ಕೆಲಸವನ್ನೇ ಹನಿ ಅಲ್ಲಿ ಆಕಾಶಕ್ಕೆ ಮಾಡಿತು.

ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಾದು, ಬೆಳಕಿರುವಾಗಲೇ ದ್ವೀಪಕ್ಕೆ ಮರಳಿದೆವು. ನೆಲದಿಂದ ಮಳೆಹಾತೆಗಳು ಏಳುತ್ತಿದ್ದವು. ಕಪ್ಪೆಗಳ ವಟವಟ ಶುರುವಾಗಿತ್ತು. ರಾತ್ರಿ ಮೋಡ ಹರಿದು ಚುಕ್ಕಿ ಕಂಡವು. ಛಳಿ ಅನ್ನಿಸಿ ನಾವು ಟೆಂಟಿನ ಜಿಪ್ಪು ಪೂರ್ತಿ ಎಳೆದೆವು. ತಪ್ಪಾದದ್ದು ಅಲ್ಲೇ.

ಉಸಿರು ಮತ್ತು ಚರ್ಮದ ಮೂಲಕ, ನಮಗೆ ಗೊತ್ತಾಗದ ಹಾಗೆ, ಒಬ್ಬರ ಮೈಯಿಂದ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೋಗುತ್ತದೆ. ಒಂದು ರಾತ್ರಿಗೆ ಕಾಲು ಲೀಟರ್ ಹಿಡಿಯಿರಿ. ಒಳಗೆ ನಾಲ್ಕು ಜನ, ಅಂದರೆ ಒಂದು ಲೀಟರ್. ಹೊರಗೆ ಮೋಡದ ಹೊದಿಕೆ ಇಲ್ಲದ್ದರಿಂದ ಟೆಂಟಿನ ತೆಳು ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಗಾಳಿಗಿಂತ ತಣ್ಣಗಾಯಿತು. ನಮ್ಮ ಉಸಿರು ಅದಕ್ಕೆ ತಾಗಿ ಹನಿಯಾಯಿತು. ಆವಿ ಹನಿಯಾಗಲು ಘಟ್ಟ ಹತ್ತಲೇಬೇಕು ಅಂತಿಲ್ಲ, ತಲೆಯಿಂದ ಎರಡಡಿ ಮೇಲಿನ ತಣ್ಣನೆಯ ಬಟ್ಟೆ ಸಾಕು.

ಎರಡೂ ಬದಿಯ ಬಲೆ ಕಿಟಕಿ ತೆರೆದು, ಗಾಳಿ ಹಾಯಲು ಬಿಟ್ಟಿದ್ದರೆ ಇಷ್ಟು ಒದ್ದೆ ಆಗುತ್ತಿರಲಿಲ್ಲ. ನೀರಿನ ಅಂಚಿನಿಂದ ಇನ್ನಷ್ಟು ಮೇಲೆ ಟೆಂಟ್ ಹೊಡೆದಿದ್ದರೂ ಆಗುತ್ತಿತ್ತು. ಅಲ್ಲಿ ಗಾಳಿಯಲ್ಲಿ ತೇವ ಕಡಿಮೆ.

ಇದನ್ನೆಲ್ಲ ಹೇಳಿದ ಮೇಲೂ ಅಕ್ಕನ ಮಗಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ನಮ್ಮ ಉಸಿರೇ ಇಷ್ಟು ನೀರಾ?" ಎಂದು ಬಟ್ಟೆಯ ಮೇಲೆ ಬೆರಳಾಡಿಸಿದಳು. ಎಂಟು ಗಂಟೆಗೆ ಬಿಸಿಲು ಏರಿತು. ಟೆಂಟನ್ನು ಬಂಡೆಯ ಮೇಲೆ ಹರಡಿದೆವು. ಒಣಗುತ್ತಿದ್ದ ಜಾಗ ಮುಟ್ಟಿ ನೋಡು ಅಂದೆ. ಬಿಸಿಲಲ್ಲಿದ್ದರೂ ಅದು ತಣ್ಣಗಿತ್ತು. ಅವಳು ಅಂಗೈಯನ್ನು ಅಲ್ಲೇ ಇಟ್ಟುಕೊಂಡು, "ಬೆವರು ಆರಿದ ಹಾಗೆ!" ಅಂದಳು.